ಹೊಳವನಹಳ್ಳಿಗೆ ಒಯ್ದ ಸುದ್ದಿ

ಬಸ್ಸು ಮಧುಗಿರಿ ದಾಟುವಷ್ಟರಲ್ಲಿ ಕರೀಮ್ ಸಾಬರು ಆ ಮಾತನ್ನು ಮನಸ್ಸಿನಲ್ಲೇ ಇಪ್ಪತ್ತು ಸಲ ಆಡಿ ನೋಡಿದ್ದರು. ‘ಬೈರಪ್ಪ, ನಿನ್ನ ಮಗ...’ ಅಷ್ಟೇ. ಅಲ್ಲಿಂದ ಮುಂದೆ ನಾಲಿಗೆ ಹೊರಳುತ್ತಿರಲಿಲ್ಲ.

ಬೆಳಿಗ್ಗೆ ಹನ್ನೊಂದಕ್ಕೆ ಶಿರಾದ ಮನೆಯಲ್ಲಿದ್ದಾಗ ಫೋನ್ ಬಂದಿತ್ತು. ಮುಂಬೈ ಆಚೆ ಕಡಲಿಗೆ ಅಡ್ಡಲಾಗಿ ಕಟ್ಟುತ್ತಿದ್ದ ದೊಡ್ಡ ಸೇತುವೆಯ ಆಫೀಸಿನಿಂದ. ಕಾರ್ಡ್ ನಂಬರ್ ನಾನೂರ ಹದಿನೇಳು, ರಂಗೇಶ್, ವೆಲ್ಡರ್. ಗಾಳಿಯ ಹೊಡೆತಕ್ಕೆ ಮೇಲಿಂದ ನೀರಿಗೆ ಬಿದ್ದಿದ್ದಾನೆ. ದೋಣಿಗಳು ಹುಡುಕುತ್ತಿವೆ, ಆದರೆ ಆಸೆ ಇಟ್ಟುಕೊಳ್ಳಬೇಡಿ. ರಂಗೇಶನ ಅಪ್ಪ ಬೈರಪ್ಪನಿಗೆ ಹಿಂದಿ ಬರುವುದಿಲ್ಲ. ಅದಕ್ಕೇ ಆ ಹುಡುಗನ ಕಾಗದಪತ್ರದಲ್ಲೂ ಸಾಬರ ನಂಬರೇ ಇತ್ತು.

“ನದೀಮ್? ನನ್ನ ಮಗ ನದೀಮ್ ಎಲ್ಲಿ?” ಎಂದು ಸಾಬರು ಕಿರುಚಿದ್ದರು.

ಆ ಕಡೆಯವನು ಕಂಪ್ಯೂಟರ್ ನೋಡಿ ಹೇಳಿದ. ನದೀಮನಿಗೆ ಇವತ್ತು ವಾರದ ರಜೆ. ಅವನ ಕಾರ್ಡು ಗೇಟಿನೊಳಗೆ ಬಂದೇ ಇಲ್ಲ.

“ಅಲ್‌ಹಮ್ದುಲಿಲ್ಲಾ” ಎಂದುಬಿಟ್ಟಿತ್ತು ಬಾಯಿ. ಥೂ, ಎಂಥ ಬಾಯಿ! ಇನ್ನೊಬ್ಬರ ಮಗ ನೀರುಪಾಲಾದ ಹೊತ್ತಿನಲ್ಲಿ ದೇವರಿಗೆ ವಂದಿಸಿದ ಬಾಯಿ. ಹೆಂಡತಿ ಶಾಹಜಾದಿ ರಂಗೇಶನಿಗಾಗಿ ಗೊಳೋ ಎಂದು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, “ನದೀಮನ ರಜಾ ಶುಕ್ರವಾರ ಅಲ್ವೇನ್ರೀ? ಎರಡು ವರ್ಷದಿಂದ ಒಂದು ಜುಮ್ಮಾ ನಮಾಜೂ ತಪ್ಪಿಸಿಲ್ಲ” ಎಂದಳು.

“ಬದಲಾಯ್ಸಿರಬೇಕು. ಸುಮ್ನಿರು” ಎಂದು ಗದರಿ ಸಾಬರು ಬಸ್ ಹತ್ತಿದ್ದರು.

ದಾರಿಯುದ್ದಕ್ಕೂ ನದೀಮನಿಗೆ ಫೋನ್ ಮಾಡಿದರು. ರಿಂಗಾಗುತ್ತಿತ್ತು, ಅವನು ಎತ್ತುತ್ತಿರಲಿಲ್ಲ. ಗೆಳೆಯನನ್ನು ಹುಡುಕುತ್ತಾ ದಡದಲ್ಲಿ ಓಡಾಡುತ್ತಿರಬೇಕು, ಪಾಪ. ಫೋನು ರೂಮಿನಲ್ಲೇ ಬಿದ್ದಿರಬೇಕು.

ಇಬ್ಬರೂ ಸಾಬರ ವೆಲ್ಡಿಂಗ್ ಅಂಗಡಿಯಲ್ಲೇ ಕೈ ಪಳಗಿಸಿಕೊಂಡವರು. ರಂಗೇಶನ ಬಾಯಲ್ಲಿ ಸಾಬರು ಯಾವತ್ತೂ ‘ಉಸ್ತಾದ್’. ಕಡಲ ಕೆಲಸದ ಮಾತು ಬಂದಾಗ ಬೈರಪ್ಪ ಬೇಡವೇ ಬೇಡ ಎಂದಿದ್ದ. “ನಿನ್ ಮಗನಿಗೆ ನಾನು ಜವಾಬ್ದಾರಿ ಕಣಯ್ಯಾ” ಎಂದು ಎದೆ ತಟ್ಟಿಕೊಂಡವರು ಇದೇ ಸಾಬರು.

ಹೋದ ರಂಜಾನಿಗೆ ಬಂದಾಗ ನದೀಮ್ ಹೇಳಿದ್ದ: “ಅಬ್ಬಾಜಾನ್, ಮೇಲಿಂದ ನೋಡಿದ್ರೆ ದೋಣಿಗಳು ಕಡ್ಲೆಕಾಯಿ ಸಿಪ್ಪೆ ಥರ ಕಾಣ್ತವೆ. ಗಾಳಿ ಬಂದ್ರೆ ಕಬ್ಬಿಣನೇ ನಡುಗುತ್ತೆ. ಸೊಂಟದ ಬೆಲ್ಟಿನ ಕೊಕ್ಕೆ ಒಂದ್ ಕಡೆ ಬಿಚ್ಚಿ ಇನ್ನೊಂದ್ ಕಡೆ ಹಾಕ್ಬೇಕಲ್ಲ, ಆ ಒಂದ್ ಗಳಿಗೆ ಭಯ ಆಗುತ್ತೆ.” ಸಾಬರು ನಕ್ಕು ಬೆನ್ನು ತಟ್ಟಿದ್ದರು.

ಕೊರಟಗೆರೆಯಲ್ಲಿ ಬಸ್ ಬದಲಿಸಿ ಹೊಳವನಹಳ್ಳಿಯಲ್ಲಿ ಇಳಿದಾಗ ಮೂರು ಗಂಟೆ. ಬೈರಪ್ಪನ ಮನೆಯ ಗೇಟು ರಂಗೇಶ್ ಬೆಸೆದ ಮೊದಲ ಗೇಟು. ಬೆಸುಗೆ ಒರಟೊರಟು. ಅದರ ಮೇಲೆ ಕೈಯಿಟ್ಟು ಸಾಬರು ಸ್ವಲ್ಪ ಹೊತ್ತು ಹಾಗೇ ನಿಂತರು. ಹಿಂದಿರುಗಿ ಹೋಗಿಬಿಡೋಣವೆನಿಸಿತು.

“ಓಹೋ ಸಾಬ್ರು! ಹೇಳ್ದೆ ಕೇಳ್ದೆ ಬಂದ್ಬುಟ್ರಲ್ಲಾ!” ಬೈರಪ್ಪ ಜಗಲಿಯಿಂದ ಎದ್ದು ಬಂದ. “ಲೇ ಸರಸಾ, ಸಾಬ್ರು ಬಂದವ್ರೆ, ಕಾಫಿ ಕಾಯ್ಸು!”

“ಹಿಂಗೇ... ಕೊರಟಗೆರೆಗೆ ಬಂದಿದ್ದೆ” ಎಂದರು ಸಾಬರು. ಬಂದದ್ದು ಸುದ್ದಿ ಹೇಳಲು, ಮೊದಲು ಹೊರಬಿದ್ದದ್ದು ಸುಳ್ಳು.

ಬೈರಪ್ಪನ ಹೆಂಡತಿ ಸರಸಮ್ಮ ಎರಡೇ ಲೋಟ ತಂದಳು.

“ನಿಂಗೆ ಇಲ್ವೇನಮ್ಮ?”

“ಶನಿವಾರ ಅಲ್ವಾ ಅಣ್ಣ, ಒಪ್ಪತ್ತು ನಂದು. ಪಾವಗಡದ ಶನಿಮಾತ್ಮಂಗೆ ಹರಕೆ ಹೊತ್ತಿವ್ನಿ. ರಂಗೇಶಂಗೆ ಸಾಡೇಸಾತಿ ನಡೀತೈತೆ. ಶನಿವಾರ ಕಬ್ಬಿಣ ಮುಟ್ಟಲ್ಲ, ಎತ್ರ ಹತ್ತಲ್ಲ ಅಂತ ನನ್ ತಲೆ ಮುಟ್ಟಿ ಆಣೆ ಮಾಡವ್ನೆ.” ಅವಳು ನಕ್ಕಳು. “ವಾರವೆಲ್ಲಾ ಪುಕುಪುಕು ಅಂತಿರತ್ತೆ ಜೀವ. ಇವತ್ತೊಂದು ದಿನ ಭಯವಿಲ್ಲ ಕಣಣ್ಣ.”

ಸಾಬರಿಗೆ ಆ ಕಾಫಿ ಬಿಸಿತುಪ್ಪವಾಯಿತು. ಉಗುಳುವಂತಿಲ್ಲ, ನುಂಗುವಂತಿಲ್ಲ. ಅಯ್ಯೋ ಹುಡುಗಾ, ತಾಯಿಗೆ ಕೊಟ್ಟ ಮಾತನ್ನು ಇವತ್ತೇ ಮುರಿಯಬೇಕಿತ್ತೇ? ಇನ್ನು ತಡಮಾಡಿದರೆ ಪಾಪ ಇನ್ನೂ ದೊಡ್ಡದಾಗುತ್ತದೆ. ಲೋಟ ಕೆಳಗಿಟ್ಟು, ಬೈರಪ್ಪನ ಕೈ ಹಿಡಿದುಕೊಂಡರು.

“ಬೈರಪ್ಪ... ನಿನ್ನ ಮಗ...”

“ನನ್ ಮಗ ಏನ್ ಸಾಬ್ರೆ?”

ಅಷ್ಟರಲ್ಲಿ ಬೈರಪ್ಪನ ಫೋನು ಬಡಿದುಕೊಂಡಿತು. ಅವನು ಕಣ್ಣಗಲಿಸಿ ನೋಡಿದ. “ಅವನ್ದೇ ಫೋನು! ನೆನೆಸ್ಕೊಂಡಂಗೇ ಮಾಡ್ದ ನೋಡಿ. ನೂರು ವರ್ಷ ಆಯಸ್ಸು ನನ್ಮಗಂಗೆ!”

ಸಾಬರು ಕಣ್ಣು ಮುಚ್ಚಿಕೊಂಡರು. ಯಾರೋ ಅವನ ಫೋನಿನಿಂದ ಸುದ್ದಿ ಹೇಳಲು ಮಾಡಿದ್ದಾರೆ. ಸದ್ಯ, ಆ ಮಾತು ನನ್ನ ಬಾಯಿಂದ ಬರುವುದು ತಪ್ಪಿತು. ಬೆಳಗಿನಿಂದ ಇದು ಎರಡನೆಯ ನೆಮ್ಮದಿ, ಅದಕ್ಕೂ ನಾಚಿಕೆಯಾಯಿತು. ಸರಸಮ್ಮನಿಗೂ ಕೇಳಲಿ ಎಂದು ಬೈರಪ್ಪ ಸ್ಪೀಕರ್ ಒತ್ತಿದ.

“ಅಪ್ಪಾ...” ರಂಗೇಶನೇ ಬಿಕ್ಕುತ್ತಿದ್ದ. “ಆಫೀಸ್ನೋರು ನಂಗೆ ಶುಕ್ರವಾರ, ನದೀಮಂಗೆ ಶನಿವಾರ ರಜಾ ಹಾಕಿದ್ರು. ಕೇಳ್ಕೊಂಡ್ರೂ ಬದಲಾಯ್ಸಿಲ್ಲ. ಅವ್ನು ನಮಾಜಿಗೆ ಹೋಗ್ಲಿ ಅಂತ ಶುಕ್ರವಾರ ಅವ್ನ ಕಾರ್ಡ್ ತಗಂಡು ನಾನ್ ಹತ್ತುತಿದ್ದೆ, ಶನಿವಾರ ನನ್ ಕಾರ್ಡ್ ತಗಂಡು ಅವ್ನು ಹತ್ತುತಿದ್ದ. ನಾನೀಗ ಗುಡಿಯಿಂದ ಬಂದೆ ಕಣಪ್ಪಾ... ಉಸ್ತಾದ್ರಿಗೆ ಹೆಂಗ್ ಹೇಳ್ಲಿ?”