ಕೈ ಮೇಲಿನ ಕೆಂಪು ಗೆರೆ

ಲ್ಯಾಬಿನ ಮುಖ್ಯಸ್ಥೆ ನಾಮ್ ಮೇಡಂ ತಮ್ಮ ಎಡಗೈ ಮೇಲೆ ಲಿಪ್‌ಸ್ಟಿಕ್‌ನ ಕೆಂಪು ಗೆರೆ ಎಳೆದುಕೊಂಡು ಕೈ ಚಾಚಿದ್ದು ಗ್ಯೊಂಗ್ರಾನ್ ಕಡೆಗಲ್ಲ, ಮೊನ್ನೆ ಮೊನ್ನೆ ಸೇರಿದ ಸೋದಾಮ್ ಕಡೆಗೆ. ಕೊರಿಯಾದ ಸುವೋನ್ ನಗರದ ಈ ಸೌಂದರ್ಯವರ್ಧಕ ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ, ಮೇಕಪ್ ತೆಗೆದು ಮುಖ ತೊಳೆಯುವ ಎಣ್ಣೆ ಪರೀಕ್ಷಿಸಲು ಆ ಕೈ ಬರುತ್ತಿದ್ದದ್ದು ಗ್ಯೊಂಗ್ರಾನ್‌ಳ ಮೇಜಿಗೇ. ಅವಳ ಹೊಟ್ಟೆಗೆ ಬೆಂಕಿ ಬಿತ್ತು.

ಸೋದಾಮ್ ತಾನೇ ತಯಾರಿಸಿದ ಎಣ್ಣೆಯನ್ನು ಎರಡು ಹನಿ ಸವರಿ ನೀರು ಚಿಮುಕಿಸಿದಳು. ಎಣ್ಣೆ ಹಾಲಿನಂತೆ ಬೆಳ್ಳಗಾಗಿ ಕೆಂಪನ್ನೆಲ್ಲ ಎತ್ತಿಕೊಂಡು ಹರಿದುಹೋಯಿತು. "ಚೂರೂ ಜಿಡ್ಡಿಲ್ಲ ಕಣೇ!" ಎನ್ನುತ್ತ ಮೇಡಂ ಹೊರಟರು.

"ಆ ಲಿಪ್‌ಸ್ಟಿಕ್ ಬರೀ ನೀರಿಗೂ ಹೋಗುತ್ತೆ. ದಮ್ಮಿದ್ರೆ ಇದನ್ನ ತೆಗಿ," ಎಂದು ಗ್ಯೊಂಗ್ರಾನ್ ತನ್ನ ಕೈಯನ್ನೇ ಚಾಚಿದಳು. ಬೆಳಿಗ್ಗೆಯಿಂದ ಮೂರು ಸಲ ಉಜ್ಜಿದರೂ ಅವಳದೇ ಎಣ್ಣೆಗೆ ಜಗ್ಗದ ಇನ್ನೊಂದು ಲಿಪ್‌ಸ್ಟಿಕ್‌ನ ಗೆರೆ ಅಲ್ಲಿತ್ತು. ಸಿಟ್ಟಿನಲ್ಲಿ ತಾನೇ ಅದನ್ನು ತೋರಿಸಿಬಿಟ್ಟೆನೆಂದು ಹೊಳೆಯುವಷ್ಟರಲ್ಲಿ ಹುಡುಗಿ ಕೈ ಹಿಡಿದಾಗಿತ್ತು.

"ಅಕ್ಕಾ, ನೋಯ್ತಿಲ್ಲ ತಾನೆ? ಒತ್ತಬೇಡ, ಉಂಗುರದ ಬೆರಳಲ್ಲೇ ಸವರು ಅಂತ ನೀವೇ ಬೈದು ಕಲಿಸಿದ್ದು." ಗ್ಯೊಂಗ್ರಾನ್ ಒಂದು ಎಳೆಯಷ್ಟಾದರೂ ಕೆಂಪು ಉಳಿಯಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಳು. ತೊಳೆದ ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದಳು, ಟಿಶ್ಯೂ ಒತ್ತಿ ಒತ್ತಿ ಒರೆಸಿದಳು. ಟಿಶ್ಯೂ ಬೆಳ್ಳಗೇ ಇತ್ತು.

"ಎಣ್ಣೆ ನೀರಲ್ಲಿ ಬೆರೆಯೋಕೆ ಏನು ಹಾಕಿದೀಯೇ? ಎಷ್ಟು ಹಾಕಿದೀಯ?" ಎಂದು ಗದರಿದಳು. ಸೋದಾಮ್ ಹೆದರಿ ತಡವರಿಸುತ್ತಿದ್ದಂತೆ, ಗ್ಯೊಂಗ್ರಾನ್ ತನ್ನ ನೋಟ್‌ಬುಕ್ ಎಳೆದುಕೊಂಡು ಹೊಸ ಹಾಳೆ ತಿರುವಿದಳು.

"ನಿಧಾನವಾಗಿ ಹೇಳು. ಬರ್ಕೋಬೇಕು."