ಕೇಳಿಸದ ದನಿಗೆ ಒಂದು ಕಾರ್ಡ್

ಅಚ್ಚಿನ ಶಾಯಿಯ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ವಾಕರಿಕೆ ಬರುತ್ತದೆ.

ಅಮೆರಿಕದ ಜಾರ್ಜಿಯಾ ರಾಜ್ಯದ ಸುವಾನಿಯಲ್ಲಿದ್ದ ನಮ್ಮ ಗರಾಜಿನಲ್ಲಿ ಅಪ್ಪ ತಮ್ಮ ಹವ್ಯಾಸದ ಹ್ಯಾಮ್ ರೇಡಿಯೋ ಕಾರ್ಡುಗಳನ್ನು ಕೈಯಲ್ಲೇ ಅಚ್ಚು ಹಾಕುತ್ತಿದ್ದರು. ರೇಡಿಯೋದಲ್ಲಿ ದೂರದಿಂದ ಮಾತಾಡಿದವರಿಗೆ, ಮಾತಾಡಿದ್ದು ನಿಜ ಅನ್ನುವುದಕ್ಕೆ ಸಾಕ್ಷಿಯಾಗಿ, ಒಂದು ಕಾರ್ಡ್ ಕಳಿಸುವುದು ರೂಢಿ. ಅಪ್ಪ ರಬ್ಬರಿನಂಥ ಲಿನೋಲಿಯಂ ತುಂಡಿನ ಮೇಲೆ ಕೆತ್ತಿದ, ಜಾರ್ಜಿಯಾದ ಗುರುತಾದ ಪೀಚ್ ಹಣ್ಣಿಗೆ ಶಾಯಿ ಹಚ್ಚುವುದು ನನ್ನ ಕೆಲಸ. "ದನಿ ಕೇಳಿಸ್ಲಿಲ್ಲ ಅಂದ್ರೆ ಕಾರ್ಡ್ ಇಲ್ಲ ಪುಟ್ಟಿ," ಅನ್ನುತ್ತಿದ್ದರು.

ಆ ಮಧ್ಯಾಹ್ನ ಅಪ್ಪನ ಆಫೀಸಿನ ಮ್ಯಾನೇಜರ್ ಅಂಕಲ್ ಬೇರೆ ರಾಜ್ಯದ ಫೇರ್‌ಫ್ಯಾಕ್ಸಿನಿಂದ ಮೈಸೂರು ಪಾಕಿನ ಡಬ್ಬಿ ಹಿಡಿದು ಬಂದಿದ್ದರು. ಅವರಿಗೂ ರೇಡಿಯೋ ಹುಚ್ಚು. ಎಲ್ಲ ರಾಜ್ಯಗಳ ಕಾರ್ಡ್ ಸೇರಿಸಿ ಅವಾರ್ಡಿಗೆ ಅಪ್ಲೈ ಮಾಡಬೇಕಂತೆ, ಜಾರ್ಜಿಯಾ ಒಂದೇ ಬಾಕಿಯಂತೆ.

"ಈಗ ಎದುರಿಗೆ ಮಾತಾಡ್ತಿದ್ದೀವಲ್ಲ, ಇದೂ ಕಾಂಟ್ಯಾಕ್ಟೇ ತಾನೇ? ಹೋದ ವಾರದ ಡೇಟ್ ಹಾಕಿ," ಎಂದು ನಕ್ಕರು. ಹಲ್ಲಿನ ಸಂದಿಯಲ್ಲೆಲ್ಲ ಹಳದಿ ಪುಡಿ. "ಅಂದ ಹಾಗೆ, ಕಂಪನೀಲಿ ನಿಮ್ಮ ಗ್ರೀನ್ ಕಾರ್ಡ್ ಫೈಲ್ ಮೂವ್ ಮಾಡಿಸ್ತೀನಿ, ವರಿ ಮಾಡ್ಬೇಡಿ."

ಅಪ್ಪ ನನ್ನ ಕಡೆ ನೋಡಲಿಲ್ಲ. "ಇಂಕ್ ಹಚ್ಚು," ಅಂದರು.

"ಬಟ್ ಅಪ್ಪ, ಯು ನೆವರ್ ಹರ್ಡ್ ಹಿಮ್."

"ಹಚ್ಚಮ್ಮ."

ಅಂಕಲ್ ತುಪ್ಪದ ಜಿಡ್ಡಿನ ಬೆರಳಲ್ಲೇ ಒಂದು ತುಂಡನ್ನು ನನ್ನ ಬಾಯಿಗೆ ತುರುಕಿದರು. "ಅಂಕಲ್‌ಗೆ ಥ್ಯಾಂಕ್ಯೂ ಹೇಳು," ಅಂದರು ಅಪ್ಪ.

ನಾನು ಹೊರಗೆ ಹೋಗಿ ಹುಲ್ಲಿನ ಮೇಲೆ ಉಗಿದು ಬಂದೆ. ಒಳಗೆ ಅಪ್ಪ ಅಂಕಲ್ ಮುಂದೆ ಸೊಂಟ ಬಗ್ಗಿಸಿಕೊಂಡು, ಶಾಯಿ ಬೇಗ ಒಣಗಲೆಂದು, ಆ ಕಾರ್ಡನ್ನು ಉಫ್ ಉಫ್ ಅಂತ ಊದುತ್ತಿದ್ದರು.