ಕೊನೆಯ ಕಚ್ಚು

“ಅತ್ತಿಗೆ, ಲಿವರ್ ಪಿ-ಗೆ ಹಾಕಿ,” ಎಂದು ಕಾರಿನ ಅಡಿಯಿಂದ ದನಿ ಬಂತು.

ಅತ್ತಿಗೆ ಬಾಗಿಲು ತೆರೆದಿಟ್ಟುಕೊಂಡು, ಒಂದು ಕಾಲು ಹೊರಗಿಟ್ಟೇ ಸೀಟಿನ ತುದಿಯಲ್ಲಿ ಕೂತಿದ್ದಳು. ಮೊನ್ನೆ ಇದೇ ಕಾರು, ಗೇರ್ ಲಿವರ್ ಪಿ-ಯಲ್ಲಿ, ಅಂದರೆ ಪಾರ್ಕಿಂಗಿನಲ್ಲಿ ಇದ್ದಾಗಲೇ, ಮನೆಮುಂದಿನ ಇಳಿಜಾರಿನಲ್ಲಿ ತಾನಾಗಿ ಉರುಳಿ, ಅವಳ ಮೈ ಸವರಿಕೊಂಡು ಹೋಗಿ ಎದುರುಮನೆಯ ಗೇಟಿಗೆ ಗುದ್ದಿತ್ತು. ಅಂದೇ ಅವಳ ಗಂಡ ಗುಜರಿಯವನಿಗೆ ಫೋನು ಮಾಡಿದ್ದ. ಗುಜರಿಯವನು ಇವತ್ತು ಹತ್ತು ಗಂಟೆಗೆ ಬರುವವನಿದ್ದ.

ಅಡಿಯಲ್ಲಿ ಮಲಗಿದ್ದವಳು ಗಂಡನ ತಂಗಿ. ಮನೆಮನೆಗೆ ಹೋಗಿ ಹೊಲಿಗೆ ಮಿಷನ್ ರಿಪೇರಿ ಮಾಡುವ ಅವಳನ್ನು ಬೀದಿಯವರೆಲ್ಲ ಮಿಷನ್ ಅಕ್ಕ ಎನ್ನುತ್ತಿದ್ದರು. ಚಿಕ್ಕಂದಿನಿಂದ ಎಡಗಾಲಿಗೆ ಬಲವಿಲ್ಲ. ಕ್ಲಚ್ ತುಳಿಯುವ ಗೋಜಿಲ್ಲದ, ಅಪ್ಪನ ಕಾಲದ ಈ ಆಟೋಮ್ಯಾಟಿಕ್ ಕಾರೊಂದೇ ಅವಳಿಗೆ ಒಗ್ಗಿದ್ದು. ಗ್ಯಾರೇಜಿನವನು ಬಗ್ಗಿ ನೋಡುವ ಮೊದಲೇ, “ಗೇರ್‌ಬಾಕ್ಸೇ ಹೋಗಿದೆ, ಆಸೆ ಬಿಡಿ,” ಎಂದು ಕೈತೊಳೆದುಕೊಂಡಿದ್ದ.

“ಸೂಜಿ ಕೆಳಗಿಳೀಲಿಲ್ಲ ಅಂದ್ರೆ ಮೋಟಾರೇ ಸುಟ್ಟಿದೆ ಅಂತಾರಾ? ಮಧ್ಯದಲ್ಲಿರೋದನ್ನ ನೋಡ್ಬೇಕು,” ಎಂದು ಗೊಣಗುತ್ತ ಮಿಷನ್ ಅಕ್ಕ ಟಾರ್ಚು ತಿರುಗಿಸಿದಳು. ಲಿವರಿನಿಂದ ಬಂದ ಕೇಬಲ್ ಗೇರ್‌ಬಾಕ್ಸಿನ ಪಕ್ಕದ ಪುಟ್ಟ ತೋಳನ್ನು ಕೊನೆಯ ಕಚ್ಚಿನ ತನಕ ಎಳೆಯಬೇಕು. ಎಳೆದಿರಲಿಲ್ಲ. ಕೇಬಲನ್ನು ತೋಳಿಗೆ ಸಿಕ್ಕಿಸಿದ್ದ ಪಿನ್ ಕಿತ್ತು ತೋಳನ್ನು ಹೆಬ್ಬೆರಳಿನಿಂದ ಒತ್ತಿದಳು. ಟಕ್ ಎಂದು ಅದು ಇನ್ನೂ ಒಂದು ಬೆರಳಷ್ಟು ಮುಂದೆ ಹೋಗಿ ಕೂತಿತು.

“ಸಿಕ್ತು! ಮೇಲೆ ಪಿ ಅಂತ ತೋರಿಸ್ತಿದೆ, ಕೆಳಗೆ ಇನ್ನೂ ಅರ್ಧ ದಾರೀಲಿದೆ. ಗೇರ್‌ಬಾಕ್ಸಿಗೇನೂ ಆಗಿಲ್ಲ, ಕೇಬಲ್ ಸಡಿಲ ಆಗಿದೆ ಅಷ್ಟೆ.”

ಕೇಬಲ್ ತುದಿಯ ನಟ್ಟನ್ನು ನಾಲ್ಕು ಸುತ್ತು ತಿರುಗಿಸಿ, ಪಿನ್ ಹಾಕಿ, ತೆವಳಿಕೊಂಡು ಹೊರಬಂದು, ಎಂಜಿನ್ ಶುರುಮಾಡಿಸಿದಳು. ಅತ್ತಿಗೆ ಲಿವರನ್ನು ನ್ಯೂಟ್ರಲ್‌ಗೆ ತಂದಳೋ ಇಲ್ಲವೋ, ಕಾರು ಹಿಂದಕ್ಕೆ ತೆವಳಿ ಚಕ್ರಕ್ಕೆ ಕೊಟ್ಟಿದ್ದ ಕಲ್ಲಿಗೆ ತಾಗಿ ನಿಂತಿತು. ಅತ್ತಿಗೆ ಕೀ ತಿರುಗಿಸಿ ಆರಿಸಿದವಳೇ ಹೊರಗೆ ಹಾರಿದಳು.

“ನನ್ನ ಕೈಲಾಗಲ್ಲಮ್ಮ!”

“ತಪ್ಪು ನಂದೇ, ಜಾಸ್ತಿ ತಿರುಗಿಸಿಬಿಟ್ಟೆ, ರಿವರ್ಸಿಗೆ ಬಿತ್ತು. ಇನ್ನೊಂದೇ ಸಲ ಕೂತ್ಕೊಳ್ಳಿ ಅತ್ತಿಗೆ.”

ಮಣ್ಣು, ಗ್ರೀಸು ಮೆತ್ತಿದ ಆ ಮುಖವನ್ನು ಅತ್ತಿಗೆ ಒಂದು ಗಳಿಗೆ ನೋಡಿದಳು. ಮೊಣಕೈ ತರಚಿ ರಕ್ತ ಜಿನುಗುತ್ತಿತ್ತು. ಅದರ ಪರಿವೆಯೇ ಇಲ್ಲದೆ ನಾದಿನಿ ಆಗಲೇ ಬೆನ್ನ ಮೇಲೆ ಒಳಗೆ ಜಾರುತ್ತಿದ್ದಳು. ಅತ್ತಿಗೆ ಮತ್ತೆ ಹತ್ತಿ ಕೂತಳು. ಈ ಸಲ ಬಾಗಿಲನ್ನೂ ಎಳೆದುಕೊಂಡಳು.

ನಟ್ಟು ಒಂದೂವರೆ ಸುತ್ತು ಹಿಂದಕ್ಕೆ. ಪಿನ್ ಒತ್ತಿದರೂ ಸಲೀಸಾಗಿ ಹೋಗಲಿಲ್ಲ. ಇನ್ನರ್ಧ ಸುತ್ತು. ಈಗ ಒತ್ತಬೇಕಾಗಲಿಲ್ಲ, ಪಿನ್ ತಾನಾಗಿ ತೂತಿಗೆ ಜಾರಿತು. ಹೊರಬಂದು ಮತ್ತೆ ಎಂಜಿನ್ ಶುರುಮಾಡಿಸಿದಳು. ನ್ಯೂಟ್ರಲ್‌ನಲ್ಲಿ ಕಾರು ಕದಲಲಿಲ್ಲ.

ಅಷ್ಟು ಹೊತ್ತಿಗೆ ಅಣ್ಣ ಗುಜರಿಯವನನ್ನು ಕರೆದುಕೊಂಡು ಬಂದ. ಗುಜರಿಯವನ ಹೆಗಲ ಮೇಲೆ ಕಾರು ಎಳೆಯುವ ಹಗ್ಗವಿತ್ತು.

“ಸಮತಟ್ಟಲ್ಲಿ ಯಾವ ಗಾಡಿ ಬೇಕಾದ್ರೂ ನಿಲ್ಲತ್ತೆ,” ಎಂದ ಅಣ್ಣ.

ಮಿಷನ್ ಅಕ್ಕ ಅತ್ತಿಗೆಯನ್ನು ಇಳಿಸಿ ತಾನೇ ಕೂತಳು. ಕಲ್ಲು ತೆಗೆಸಿ, ಕಾರನ್ನು ಇಳಿಜಾರಿಗೆ ತಂದು ಮೂತಿ ಕೆಳಗೆ ಮಾಡಿ ನಿಲ್ಲಿಸಿದಳು. ಲಿವರ್ ಪಿ-ಗೆ ಹಾಕಿದಳು. ಹ್ಯಾಂಡ್‌ಬ್ರೇಕ್ ಎಳೆಯದೆ ಬ್ರೇಕಿನಿಂದ ಕಾಲು ತೆಗೆದಳು. ಕಾರು ಎರಡು ಬೆರಳಷ್ಟು ಜಗ್ಗಿ, ಟಕ್ ಎಂದು ಕಚ್ಚಿಕೊಂಡು ನಿಂತಿತು.

“ಇವತ್ತು ನಿಂತಿದೆ. ನಾಳೆ?” ಅಣ್ಣ ಬಿಡಲಿಲ್ಲ. “ಮೊನ್ನೆ ಇವಳ ಜೀವಾನೇ ಹೋಗ್ತಿತ್ತು.”

ಅತ್ತಿಗೆ ಇಳಿಜಾರಿನ ಕೆಳಬದಿಗೆ ನಡೆದು, ಕಾರಿನ ಮೂತಿಗೆ ಬೆನ್ನು ಕೊಟ್ಟು, ಕೈಕಟ್ಟಿ ಒರಗಿ ನಿಂತಳು.

“ಏಯ್, ತಲೆ ಕೆಟ್ಟಿದೆಯಾ? ಈಚೆ ಬಾ!” ಅಣ್ಣ ಕೂಗಿದ.

“ಆ ಹಗ್ಗದವರನ್ನ ಕಳಿಸಿ,” ಎಂದಳು ಅತ್ತಿಗೆ. “ಆಮೇಲೆ ಬರ್ತೀನಿ.”